ಮೈ ತುಂಬಿತು ಎಂದು ಸಂತೋಷಪಡುವ ಮೊದಲು

ಮಕ್ಕಳ ವಾತರೋಗ ಮತ್ತು ಅದರ ಜೊತೆ ಏರುವ ತೂಕದ ಬಗ್ಗೆ ಉಡುಪಿಯಲ್ಲಿ ಪೋಷಕರು ಮತ್ತು ಶಾಲಾ ಶಿಕ್ಷಕರ ಮುಂದೆ ಮಕ್ಕಳ ವೈದ್ಯೆಯಾಗಿ ನಾನು ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಕ್ಕಳ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲಿ ಕುಂದಾಪುರ, ಕಾರ್ಕಳದಿಂದ ಬಸ್ಸು ಬದಲಿಸಿ ಬಂದವರೂ ಇದ್ದೀರಿ. ಹಾಗಾಗಿ ಪೀಠಿಕೆ ಬೇಡ, ಒಂದು ಮಗುವಿನಿಂದಲೇ ಶುರು ಮಾಡುತ್ತೇನೆ.

ಒಂಬತ್ತು ವರ್ಷದ ಹುಡುಗಿ. ಮೊದಲ ಸಲ ಬಂದಾಗ ಅಪ್ಪ ಎತ್ತಿಕೊಂಡು ಬಂದಿದ್ದರು. ಬೆಳಿಗ್ಗೆ ಎದ್ದರೆ ಮೊಣಕಾಲು ಮಡಚಲು ಆಗುತ್ತಿರಲಿಲ್ಲ. ವಾರಗಟ್ಟಲೆ ಜ್ವರ, ಮೈಯಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ. ಚಿಕಿತ್ಸೆ ಶುರುವಾಗಿ ನಾಲ್ಕು ತಿಂಗಳಿಗೆ ತಾನೇ ನಡೆದುಕೊಂಡು ಬಂದಳು. ಕೆನ್ನೆ ತುಂಬಿತ್ತು. ಜೊತೆಗೆ ಬಂದಿದ್ದ ಅಜ್ಜಿ ನನ್ನ ಎರಡೂ ಕೈ ಹಿಡಿದುಕೊಂಡು, "ಡಾಕ್ಟ್ರಮ್ಮ, ನಮ್ಮ ಮಗುವಿಗೆ ಮೈ ಬಂತು" ಎಂದರು. ನನಗೂ ಸಂತೋಷವಾಯಿತು. ಕೀಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ, ಬಾವು ಇರಲಿಲ್ಲ. ಮಾತ್ರೆ ಬರೆದು ಕಳಿಸಿದೆ. ಆ ದಿನ ಅವಳ ಬಿ.ಪಿ. ನೋಡಲಿಲ್ಲ, ಎತ್ತರ ಅಳೆಯಲಿಲ್ಲ, ಸೊಂಟಕ್ಕೆ ಟೇಪ್ ಹಿಡಿಯಲಿಲ್ಲ. ಎಂಟು ತಿಂಗಳ ನಂತರ ಅವಳಮ್ಮ ಮಗಳ ಕತ್ತಿನ ಹಿಂಭಾಗ ತೋರಿಸಿ, "ಎಷ್ಟು ಉಜ್ಜಿದರೂ ಈ ಕೊಳೆ ಹೋಗುವುದೇ ಇಲ್ಲ ಡಾಕ್ಟ್ರೇ" ಎಂದಾಗ ನನಗೆ ಎದೆ ಧಸಕ್ಕೆಂದಿತು. ಚರ್ಮ ಕಪ್ಪಾಗಿ, ದಪ್ಪಗಾಗಿ, ಮಖಮಲ್ಲಿನ ಹಾಗೆ ಇತ್ತು. ಅದು ಕೊಳೆಯಾಗಿರಲಿಲ್ಲ. ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ರಕ್ತದಲ್ಲಿ ಅದರ ಪ್ರಮಾಣ ಏರುತ್ತಾ ಹೋದಾಗ ಕತ್ತು, ಕಂಕುಳಲ್ಲಿ ಹೀಗೆ ಗುರುತು ಬೀಳುತ್ತದೆ.

ಆ ಎಂಟು ತಿಂಗಳನ್ನು ನಾನು ಮರೆತಿಲ್ಲ. ಇವತ್ತು ನಿಮ್ಮ ಮುಂದೆ ನಿಂತದ್ದೂ ಅದೇ ಕಾರಣಕ್ಕೆ.

ನಾವು ಮಾತಾಡುತ್ತಿರುವುದು ಮಕ್ಕಳ ಆಟೋಇಮ್ಯೂನ್ ವಾತರೋಗಗಳ ಬಗ್ಗೆ. ರೋಗಾಣುಗಳ ಜೊತೆ ಹೋರಾಡಬೇಕಾದ ನಮ್ಮದೇ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ನಮ್ಮದೇ ಕೀಲು, ಸ್ನಾಯು, ಚರ್ಮ, ಮೂತ್ರಪಿಂಡದ ಮೇಲೆ ತಿರುಗಿ ಬೀಳುವ ಕಾಯಿಲೆಗಳಿವು. ಹದಿನಾರು ವರ್ಷದೊಳಗೆ ಶುರುವಾಗಿ, ಬೇರೆ ಕಾರಣ ಸಿಗದೆ, ಆರು ವಾರಕ್ಕೂ ಹೆಚ್ಚು ಕಾಲ ಉಳಿಯುವ ಕೀಲಿನ ಉರಿಯೂತಕ್ಕೆ ಮಕ್ಕಳ ಸಂಧಿವಾತ ಎನ್ನುತ್ತೇವೆ. ಇನ್ನೊಂದು ಚರ್ಮ, ಕೀಲು, ಮೂತ್ರಪಿಂಡ ಹೀಗೆ ಹಲವು ಅಂಗಗಳನ್ನು ಹಿಡಿಯುವ ಲೂಪಸ್. ಮತ್ತೊಂದು ಸ್ನಾಯು ಮತ್ತು ಚರ್ಮವನ್ನು ಹಿಡಿಯುವ ಡರ್ಮಟೋಮಯೋಸೈಟಿಸ್. "ಮಕ್ಕಳಿಗೂ ಗಂಟುನೋವಾ?" ಎಂದು ಈಗಲೂ ಜನ ಕೇಳುತ್ತಾರೆ. ಹೌದು, ಮಕ್ಕಳಿಗೂ ಉಂಟು, ಎರಡು ವರ್ಷದ ಮಗುವಿಗೂ ಬರುತ್ತದೆ.

ಮೈ ದಪ್ಪ ಆದದ್ದಕ್ಕೆ ಎಲ್ಲರೂ ಉರಿಯೂತ ಇಳಿಸಲು ನಾವು ಕೊಡುವ ಸ್ಟೀರಾಯ್ಡನ್ನು ಬೈಯುತ್ತಾರೆ. ಅದರ ಪಾಲಿಗೆ ಆಮೇಲೆ ಬರುತ್ತೇನೆ. ಮೊದಲು ಕಾಯಿಲೆಯ ಪಾಲು ಎಷ್ಟು ನೋಡಿ. ಉರಿಯೂತ ಕೀಲಿನಲ್ಲಿ ಮಾತ್ರ ಕೂರುವುದಿಲ್ಲ. ಅಲ್ಲಿ ತಯಾರಾಗುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಮುಂತಾದ ರಾಸಾಯನಿಕಗಳು ರಕ್ತದಲ್ಲಿ ಹರಿದು ಇಡೀ ಮೈಗೆ ತಲಪುತ್ತವೆ. ಈ ಟಿಎನ್‌ಎಫ್‌ಗೆ ಒಂದು ಕಾಲದಲ್ಲಿ ಇನ್ನೊಂದು ಹೆಸರಿತ್ತು: ಕ್ಯಾಕೆಕ್ಟಿನ್, ಅಂದರೆ ಮೈಯನ್ನು ಸವೆಸುವಂಥದ್ದು. ದೀರ್ಘಕಾಲದ ಸೋಂಕಿನಲ್ಲಿ ಪ್ರಾಣಿಗಳು ಸೊರಗುವುದು ಯಾಕೆಂದು ಹುಡುಕಿದವರು ಒಂದು ವಸ್ತು ಕಂಡುಹಿಡಿದರು, ಗಡ್ಡೆಗಳನ್ನು ಕೊಲ್ಲುವ ವಸ್ತು ಹುಡುಕಿದವರು ಇನ್ನೊಂದು ಕಂಡುಹಿಡಿದರು. ಎರಡೂ ಒಂದೇ ಎಂದು 1985ರಲ್ಲಿ ಗೊತ್ತಾಯಿತು. 1993ರಲ್ಲಿ ಇನ್ನೊಂದು ಸಂಗತಿ ಹೊರಬಂತು: ಬೊಜ್ಜು ಬಂದ ಇಲಿಗಳ ಕೊಬ್ಬಿನಲ್ಲೂ ಇದೇ ಟಿಎನ್‌ಎಫ್ ತಯಾರಾಗುತ್ತದೆ, ಇನ್ಸುಲಿನ್ ಮಾಡುವ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ.

ಇವೆರಡನ್ನೂ ಸೇರಿಸಿ ನೋಡಿ. ಉರಿಯೂತ ಇರುವ ಮಗುವಿನ ಸ್ನಾಯು ಕರಗುತ್ತದೆ. ಊಟ ಮಾಡಿದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ಎಳೆದುಕೊಳ್ಳಬೇಕಾದದ್ದು ಸ್ನಾಯುವೇ. ಅದೇ ಕಡಿಮೆಯಾದರೆ ಸಕ್ಕರೆ ಹೋಗುವುದೆಲ್ಲಿಗೆ? ಇತ್ತ ಹೊಟ್ಟೆಯ ಸುತ್ತ ಕೊಬ್ಬು ಬೆಳೆದರೆ ಅದೂ ಉರಿಯೂತಕ್ಕೆ ತುಪ್ಪ ಸುರಿಯುತ್ತದೆ. ಹಾಗಾಗಿ ಮಗುವಿನ ತೂಕ ಹೆಚ್ಚುವುದು ಚಿಕಿತ್ಸೆಯ ಬದಿಯಲ್ಲಿ ನಡೆಯುವ ಸಣ್ಣ ಸಂಗತಿ ಎಂದು ನಾನು ಈಗ ಎಣಿಸುವುದಿಲ್ಲ.

ತೂಕದ ಯಂತ್ರವನ್ನು ಪೂರ್ತಿ ನಂಬುವ ಹಾಗೂ ಇಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೋವನ್ನೇ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿದ್ದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಕೂಡ 22.3. ಆದರೆ ಮೈಯ ಕೊಬ್ಬು ಯುಡ್ಕಿನ್ ಅವರದು ಶೇ. 9.1, ಯಾಜ್ಞಿಕ್ ಅವರದು ಶೇ. 21.2. ನಾವು ಭಾರತೀಯರು ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಸಂಧಿವಾತದ ಮಗುವಿನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ತೂಕ ಸರಿಯಾಗಿಯೇ ಇರುತ್ತದೆ. ತೊಡೆ ಮುಟ್ಟಿ ನೋಡಿದರೆ ಮಾಂಸವೇ ಇರುವುದಿಲ್ಲ.

ಇನ್ನು ಸ್ಟೀರಾಯ್ಡ್. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮತ್ತು ಜೊತೆಗಾರರು ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಒಬ್ಬ ಹೆಂಗಸಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. ಎರಡೇ ವರ್ಷಕ್ಕೆ, 1950ರಲ್ಲಿ, ಆ ಕೆಲಸಕ್ಕೆ ನೊಬೆಲ್ ಬಂತು. ಅಡ್ಡ ಪರಿಣಾಮಗಳು ಕಾಣಿಸಲು ತಡವಾಗಲಿಲ್ಲ: ಮುಖ ಉಬ್ಬುವುದು, ಸಕ್ಕರೆ ಏರುವುದು, ಎಲುಬು ಸವೆಯುವುದು. ಸ್ಟೀರಾಯ್ಡ್ ಯಕೃತ್ತಿನಿಂದ ಹೆಚ್ಚು ಸಕ್ಕರೆ ಹೊರಬಿಡಿಸುತ್ತದೆ, ಸ್ನಾಯು ಕರಗಿಸುತ್ತದೆ, ಕೈಕಾಲಿನ ಕೊಬ್ಬನ್ನು ಮುಖ, ಬೆನ್ನು, ಹೊಟ್ಟೆಗೆ ಸಾಗಿಸುತ್ತದೆ, ಉಪ್ಪನ್ನು ಮೈಯಲ್ಲೇ ಹಿಡಿದಿಡುತ್ತದೆ. ಹಸಿವಂತೂ ಕೇಳಬೇಡಿ. ಮಧ್ಯರಾತ್ರಿ ಎದ್ದು ಅನ್ನದ ಪಾತ್ರೆ ಮುಚ್ಚಳ ತೆಗೆಯುವ ಮಕ್ಕಳಿದ್ದಾರೆ. ಅದು ಆಸೆಬುರುಕತನ ಅಲ್ಲ. ದಯವಿಟ್ಟು ಆ ಮಗುವನ್ನು ಬೈಯಬೇಡಿ.

ಇಷ್ಟು ಹೇಳಿದ ಕೂಡಲೇ ಈ ಸಭೆಯಲ್ಲಿ ಯಾರೋ ಒಬ್ಬರು ಮನಸ್ಸಿನಲ್ಲೇ ನಿರ್ಧಾರ ಮಾಡಿರುತ್ತೀರಿ, ನಾಳೆಯಿಂದ ಆ ಮಾತ್ರೆ ಬೇಡ ಎಂದು. ಅದಕ್ಕೇ ಕೈಮುಗಿದು ಹೇಳುತ್ತೇನೆ, ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಬೇಡಿ. ಹೊರಗಿನಿಂದ ವಾರಗಟ್ಟಲೆ ಸಿಕ್ಕಿದಾಗ ಮೈಗೆ ಬೇಕಾದ ಸ್ಟೀರಾಯ್ಡನ್ನು ಒಳಗೇ ತಯಾರಿಸುವ ನಮ್ಮ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಬಿಟ್ಟು ಮಲಗಿರುತ್ತದೆ. ಅದು ಏಳುವ ಮೊದಲೇ ಮಾತ್ರೆ ನಿಂತು, ಮೇಲಿಂದ ಒಂದು ಜ್ವರವೋ ವಾಂತಿಯೋ ಬಂದರೆ ಬಿ.ಪಿ. ಕುಸಿದು ಮಗುವಿನ ಜೀವಕ್ಕೇ ಅಪಾಯ. ಮೆಲ್ಲ ಮೆಲ್ಲ ಇಳಿಸಬೇಕು, ವೈದ್ಯರು ಹೇಳಿದ ಹಾಗೆ. ಇಳಿಸಲು ಮೆಥೊಟ್ರೆಕ್ಸೇಟ್ ಇದೆ, ಹೈಡ್ರಾಕ್ಸಿಕ್ಲೋರೋಕ್ವಿನ್ ಇದೆ, ಟಿಎನ್‌ಎಫ್ ತಡೆಯುವ ಅಡಾಲಿಮುಮ್ಯಾಬ್‌ನಂಥ ಚುಚ್ಚುಮದ್ದುಗಳಿವೆ. ಲೂಪಸ್ ಮಕ್ಕಳಿಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಸಕ್ಕರೆ ಮತ್ತು ಕೊಲೆಸ್ಟ್ರಾಲಿಗೂ ಸ್ವಲ್ಪ ಒಳ್ಳೆಯದು ಮಾಡುತ್ತದೆ, ಅದನ್ನು ತಪ್ಪಿಸಬೇಡಿ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ. ದಿನಾ ಕೊಟ್ಟು ಆಸ್ಪತ್ರೆ ಸೇರಿದ ಮಕ್ಕಳನ್ನು ಕಂಡಿದ್ದೇನೆ.

ಗಂಟುನೋವಿಗೆಂದು ಸಿಗುವ ಪುಡಿ ಪೊಟ್ಟಣದ ವಿಷಯವೂ ಹೇಳಿಬಿಡುತ್ತೇನೆ. ಲೇಬಲ್ ಇಲ್ಲ, ಏನು ಹಾಕಿದ್ದಾರೆ ಗೊತ್ತಿಲ್ಲ, ಎರಡೇ ದಿನದಲ್ಲಿ ನೋವು ಮಾಯ. ಇಂಥ ಪೊಟ್ಟಣಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ದೇಶದ ಹಲವು ಕಡೆ ಪತ್ತೆಯಾಗಿದೆ. ಬೇಡವೆಂದು ಬಿಟ್ಟ ಮದ್ದೇ ಲೆಕ್ಕವಿಲ್ಲದೆ ಮಗುವಿನ ಹೊಟ್ಟೆಗೆ ಹೋಗುತ್ತಿರುತ್ತದೆ.

ಈಗಲೇ ಇಷ್ಟೆಲ್ಲ ಯಾಕೆ, ದೊಡ್ಡವರಾದ ಮೇಲೆ ನೋಡಿದರಾಯಿತಲ್ಲ ಎಂದು ಕೇಳಬಹುದು. 1976ರಲ್ಲಿ ಟೊರೊಂಟೊದ ಯುರೊವಿಟ್ಸ್ ಎಂಬ ವೈದ್ಯರು ಒಂದು ವಿಷಯ ಗಮನಿಸಿದರು: ಲೂಪಸ್ ಇರುವವರಲ್ಲಿ ಮೊದಮೊದಲು ಸಾವು ತರುವುದು ಕಾಯಿಲೆಯ ಉಲ್ಬಣ ಮತ್ತು ಸೋಂಕು, ವರ್ಷಗಳು ಕಳೆದ ಮೇಲೆ ಹೃದಯಾಘಾತ. 1997ರಲ್ಲಿ ಪಿಟ್ಸ್‌ಬರ್ಗ್‌ನಿಂದ ಬಂದ ಅಧ್ಯಯನದಲ್ಲಿ 35ರಿಂದ 44 ವರ್ಷದ ಲೂಪಸ್ ಇರುವ ಮಹಿಳೆಯರಿಗೆ ಹೃದಯಾಘಾತದ ಸಂಭವ ಅದೇ ವಯಸ್ಸಿನ ಇತರರಿಗಿಂತ 50 ಪಟ್ಟಿಗೂ ಹೆಚ್ಚಿತ್ತು. ಹೆದರಿಸಲು ಹೇಳುತ್ತಿಲ್ಲ. ಆ ಕಾಲಕ್ಕಿಂತ ಚಿಕಿತ್ಸೆ ಈಗ ಬಹಳ ಸುಧಾರಿಸಿದೆ. ಆದರೆ ಹನ್ನೆರಡನೇ ವಯಸ್ಸಿಗೆ ಲೂಪಸ್ ಬಂದ ಹುಡುಗಿಗೆ ಮೂವತ್ತೈದು ತುಂಬುವಾಗ ಕಾಯಿಲೆಗೆ ಇಪ್ಪತ್ತಮೂರು ವರ್ಷ ಆಗಿರುತ್ತದೆ. ರಕ್ತನಾಳದ ಲೆಕ್ಕ ಅಂದಿನಿಂದಲೇ ಶುರು.

ಹಾಗಾದರೆ ಎಲ್ಲ ಮಕ್ಕಳಿಗೂ ಕೊಲೆಸ್ಟ್ರಾಲ್ ಮಾತ್ರೆ ಕೊಟ್ಟುಬಿಡೋಣವೇ? ಅದನ್ನೂ ಪರೀಕ್ಷಿಸಿ ನೋಡಿದ್ದಾರೆ. ಲೂಪಸ್ ಇರುವ 10ರಿಂದ 21 ವರ್ಷದ 221 ಮಂದಿಯಲ್ಲಿ ಮೂರು ವರ್ಷ ಅಟೊರ್ವಾಸ್ಟಾಟಿನ್ ಕೊಟ್ಟು ಕತ್ತಿನ ರಕ್ತನಾಳದ ಗೋಡೆಯ ದಪ್ಪ ಅಳೆದರು. ಮದ್ದೇ ಇಲ್ಲದ ಸುಳ್ಳು ಮಾತ್ರೆ ತಿಂದವರಿಗೂ ಇವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಎಲ್ಲರಿಗೂ ಆ ಮಾತ್ರೆ ಬರೆಯುವುದಿಲ್ಲ. ಕಾಯಿಲೆ ಹತೋಟಿಗೆ ತರುವುದು, ಸ್ಟೀರಾಯ್ಡ್ ಇಳಿಸುವುದು, ಬಿ.ಪಿ. ಏರದಂತೆ ಕಾಯುವುದು, ಊಟ, ಓಡಾಟ. ನಮ್ಮ ಕೈಯಲ್ಲಿರುವುದು ಇವೇ.

ಅಳೆಯುವುದರಲ್ಲಿ ಎರಡು ಮೂರು ಸೂಕ್ಷ್ಮ ಇದೆ. ಸ್ಟೀರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ತಿಂಡಿಯ ನಂತರ ಕೊಡುತ್ತೇವೆ. ಅದರ ಪ್ರಭಾವ ಏರುವುದು ಮಧ್ಯಾಹ್ನ, ಸಂಜೆ. ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದರೆ ಸಕ್ಕರೆ ಸರಿಯಾಗಿಯೇ ಕಾಣುತ್ತದೆ, ಮನೆಯವರು ನೆಮ್ಮದಿಯಿಂದ ಹೋಗುತ್ತಾರೆ. ಮಧ್ಯಾಹ್ನ ಊಟವಾಗಿ ಎರಡು ಗಂಟೆ ಕಳೆದ ಮೇಲೆ ನೋಡಿದರೆ ನಿಜ ಗೊತ್ತಾಗುತ್ತದೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಕೂಡ ರಕ್ತಹೀನತೆ ಇರುವ ಮಗುವಿನಲ್ಲಿ ದಾರಿ ತಪ್ಪಿಸಬಹುದು, ಲೂಪಸ್‌ನಲ್ಲಿ ಕೆಂಪು ರಕ್ತಕಣ ಒಡೆಯುತ್ತಿದ್ದರಂತೂ ಇನ್ನೂ. ಬಿ.ಪಿ. ನೋಡುವಾಗ ಮಕ್ಕಳ ತೋಳಿಗೆ ಹೊಂದುವ ಪಟ್ಟಿ ಇರಬೇಕು. ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ, ಅದು ನಿಮ್ಮ ಹಕ್ಕು.

ಮನೆಯಲ್ಲೇ ನೀವು ಅಳೆಯಬಹುದಾದದ್ದು ಎರಡು. ಟೈಲರ್ ಟೇಪಿನಲ್ಲಿ ಮಗುವಿನ ಸೊಂಟದ ಸುತ್ತಳತೆ ತೆಗೆಯಿರಿ. ಆರು ವರ್ಷ ದಾಟಿದ ಮಕ್ಕಳಲ್ಲಿ ಅದು ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. 130 ಸೆಂಟಿಮೀಟರ್ ಎತ್ತರದ ಹುಡುಗನಿಗೆ 65ರ ಒಳಗೆ. ಎತ್ತರವನ್ನೂ ಬಾಗಿಲ ದಾರಂದದಲ್ಲಿ ಗೆರೆ ಹಾಕಿಡಿ. ಉರಿಯೂತವೂ ಸ್ಟೀರಾಯ್ಡೂ ಎತ್ತರವನ್ನು ತಡೆಯುತ್ತವೆ. ತೂಕ ಏರುತ್ತಾ ಗೆರೆ ಅಲ್ಲೇ ನಿಂತರೆ ಮುಂದಿನ ಅಪಾಯಿಂಟ್‌ಮೆಂಟಿನವರೆಗೆ ಕಾಯದೆ ಬನ್ನಿ.

ಈಗ ಊಟ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ. ನಮ್ಮ ಕಡೆ ಮಗುವಿಗೆ ಗಂಟುನೋವು ಎಂದು ಗೊತ್ತಾದ ಕೂಡಲೇ ಪಥ್ಯ ಶುರುವಾಗುತ್ತದೆ. ಬಂಗುಡೆ ನಂಜು, ಮೊಟ್ಟೆ ಉಷ್ಣ, ಬೇಳೆ ವಾಯು, ಕಡಲೆ ವಾಯು, ಮೊಸರು ಶೀತ, ಬದನೆ ನಂಜು, ಹಲಸು ನಂಜು. ಎಲ್ಲ ತೆಗೆದ ಮೇಲೆ ಬಟ್ಟಲಲ್ಲಿ ಉಳಿಯುವುದು ಏನು? ಗಂಜಿ ಮತ್ತು ಉಪ್ಪಿನಕಾಯಿ. ಮಧ್ಯಾಹ್ನ ಅನ್ನ, ತಿಳಿಸಾರು. ಸಂಜೆ ಹಸಿವಿಗೆ ಬ್ರೆಡ್ಡು, ಬಿಸ್ಕಿಟು, ಯಾಕೆಂದರೆ ಅವುಗಳಿಗೆ ಯಾರೂ ನಂಜು ಎಂದು ಹೆಸರಿಟ್ಟಿಲ್ಲ. ಸ್ನಾಯು ಕರಗುತ್ತಿರುವ ಮಗುವಿನಿಂದ ಸ್ನಾಯು ಕಟ್ಟುವ ಆಹಾರವನ್ನೇ ಕಿತ್ತುಕೊಂಡು, ಸಕ್ಕರೆ ಏರಿಸುವುದನ್ನೂ ಉಪ್ಪನ್ನೂ ಕೈಗೆ ಕೊಟ್ಟ ಹಾಗಾಯಿತು. ಹಿರಿಯರ ಮೇಲೆ ನನಗೆ ಗೌರವ ಇದೆ, ನಾನೂ ಅಜ್ಜಿಯ ಕೈತುತ್ತು ಉಂಡು ಬೆಳೆದವಳು. ಆದರೆ ಈ ಪಥ್ಯ ಈ ಮಕ್ಕಳಿಗೆ ಹಾನಿ ಮಾಡುತ್ತಿದೆ. ಇದನ್ನು ನಾನು ಮೆತ್ತಗೆ ಹೇಳಲಾರೆ.

ಬೂತಾಯಿ, ಬಂಗುಡೆ ಕೊಡಿ. ಅದರಲ್ಲಿ ಒಮೇಗಾ-3 ಕೊಬ್ಬು ಉಂಟು, ಒಳ್ಳೆಯ ಪ್ರೊಟೀನು ಉಂಟು. ಎಣ್ಣೆಯಲ್ಲಿ ಕಾಯಿಸುವುದಕ್ಕಿಂತ ಪುಳಿಮುಂಚಿ, ಗಸಿಯಂಥ ಸಾರು ಮಾಡಿದರೆ ಮೇಲು. ಒಣಮೀನು ಬೇಡ, ಉಪ್ಪು ಜಾಸ್ತಿ. ಮೀನು ತಿನ್ನದ ಮನೆಗಳಲ್ಲಿ ಹೆಸರುಕಾಳು, ಹುರುಳಿ, ಅಲಸಂಡೆ, ಕಡಲೆ, ದಪ್ಪ ಬೇಳೆ ತೊವ್ವೆ, ಮಜ್ಜಿಗೆ. ಸ್ಟೀರಾಯ್ಡ್ ತಿನ್ನುವ ಮಗುವಿಗೆ ಕ್ಯಾಲ್ಸಿಯಂ ಮುಖ್ಯ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ರಾಗಿ ಮಣ್ಣಿ ಮಾಡಿ, ಆದರೆ ಬೆಲ್ಲ ಹಾಕುವಾಗ ಕೈ ಬಿಗಿ ಹಿಡಿಯಿರಿ. ಕುಚ್ಚಲಕ್ಕಿ ಬೆಳ್ತಿಗೆ ಅಕ್ಕಿಗಿಂತ ಮೇಲು. ಆದರೂ ಮೂರು ಸೌಟಿನ ಬದಲು ಎರಡು ಬಡಿಸಿ, ಆ ಜಾಗಕ್ಕೆ ಬಸಳೆ, ಹರಿವೆ, ತೊಂಡೆಕಾಯಿ ಪಲ್ಯ ಹಾಕಿ. ಊಟದ ಎಲೆಯಲ್ಲಿ ಉಪ್ಪಿನಕಾಯಿ, ಹಪ್ಪಳ ಎರಡೂ ಬೇಡ. ದೊಡ್ಡವರಿಗೇ ದಿನಕ್ಕೆ 5 ಗ್ರಾಂ, ಒಂದು ಟೀ ಚಮಚದಷ್ಟು ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳಿಗೆ ಅದಕ್ಕೂ ಕಡಿಮೆ. ಸಂಜೆಯ ಹಸಿವು ಬರುತ್ತದೆಂದು ಗೊತ್ತಿದ್ದ ಮೇಲೆ ಮೊದಲೇ ಬೇಯಿಸಿದ ಕಡಲೆ ಉಸಲಿ, ಪೇರಳೆ, ಮುಳ್ಳುಸೌತೆ ಕಣ್ಣಿಗೆ ಕಾಣುವಲ್ಲಿ ಇಡಿ. ಗೋಳಿಬಜೆ, ಬನ್ಸ್ ಮನೆಯಲ್ಲಿ ಮಾಡುವುದಾದರೆ ಎಲ್ಲರಿಗೂ ತಿಂಗಳಿಗೊಮ್ಮೆ ಮಾಡಿ. ಅಣ್ಣನಿಗೆ ಬಜೆ, ತಂಗಿಗೆ ಸೌತೆಕಾಯಿ ಎಂದರೆ ಆ ಮನೆಯಲ್ಲಿ ಪಥ್ಯ ನಿಲ್ಲುವುದಿಲ್ಲ. ಹುಟ್ಟಿದ ದಿನಕ್ಕೆ ಗಡ್‌ಬಡ್ ಐಸ್‌ಕ್ರೀಮ್ ತಿನ್ನಲಿ, ಅದನ್ನು ಯಾರೂ ಲೆಕ್ಕ ಹಾಕಬಾರದು.

ಲೂಪಸ್ ಇರುವ ಮಕ್ಕಳ ತಾಯಂದಿರು ಕೇಳುತ್ತೀರಿ, ಬಿಸಿಲಿಗೆ ನಿಲ್ಲಿಸಿದರೆ ವಿಟಮಿನ್ ಡಿ ಸಿಗುತ್ತದಲ್ಲ ಎಂದು. ಈ ಮಕ್ಕಳಿಗೆ ಬಿಸಿಲಿನಿಂದ ಕಾಯಿಲೆ ಕೆರಳುತ್ತದೆ. ಕೊಡೆ, ತುಂಬು ತೋಳಿನ ಅಂಗಿ, ಸನ್‌ಸ್ಕ್ರೀನ್ ಇರಲಿ. ಡಿ ವಿಟಮಿನ್ನನ್ನು ಮದ್ದಿನ ರೂಪದಲ್ಲೇ ಕೊಡೋಣ.

ಯಕೃತ್ತಿನ ಬಗ್ಗೆ ಒಂದು ಮಾತು. ಮೆಥೊಟ್ರೆಕ್ಸೇಟ್ ತಿನ್ನುವ ಮಗುವಿನ ರಕ್ತ ಪರೀಕ್ಷೆಯಲ್ಲಿ ಯಕೃತ್ತಿಗೆ ಪೆಟ್ಟಾದರೆ ಏರುವ ಎಎಲ್‌ಟಿ ಎಂಬ ಕಿಣ್ವ ಹೆಚ್ಚಿದ್ದರೆ ಎಲ್ಲರೂ ಮದ್ದನ್ನೇ ದೂರುತ್ತಾರೆ. ಎಷ್ಟೋ ಸಲ ಕಾರಣ ಯಕೃತ್ತಿನಲ್ಲಿ ತುಂಬಿದ ಕೊಬ್ಬು. ಕೀಲು ಕಾಪಾಡುತ್ತಿದ್ದ ಮದ್ದು ನಿಲ್ಲಿಸಿಬಿಟ್ಟರೆ ಕಾಯಿಲೆ ಮರಳುತ್ತದೆ, ಮತ್ತೆ ಸ್ಟೀರಾಯ್ಡ್, ಮತ್ತೆ ತೂಕ. ನಿಲ್ಲಿಸುವ ಮೊದಲು ಸೊಂಟ ಅಳೆಯಿರಿ ಎಂದು ನನ್ನ ಕಿರಿಯ ವೈದ್ಯರಿಗೆ ಹೇಳುತ್ತಿರುತ್ತೇನೆ.

ಶಿಕ್ಷಕರೇ, ಈಗ ನಿಮ್ಮ ಸರದಿ. ಹಿಂದೆ ನಾನೇ ಎಷ್ಟೋ ಸರ್ಟಿಫಿಕೇಟ್ ಬರೆದಿದ್ದೇನೆ: "ಈ ಮಗುವಿಗೆ ಆಟದ ಪೀರಿಯಡ್‌ನಿಂದ ವಿನಾಯಿತಿ ಕೊಡಿ." ಮಗು ಕ್ಲಾಸಿನಲ್ಲಿ ಒಬ್ಬಳೇ ಕೂತು ಕಿಟಕಿಯಿಂದ ಮೈದಾನ ನೋಡುವ ಹಾಗೆ ಮಾಡಿದ್ದು ಆ ಚೀಟಿ. ಈಗ ಬರೆಯುವುದಿಲ್ಲ. ವ್ಯಾಯಾಮದಿಂದ ಈ ಮಕ್ಕಳ ಕಾಯಿಲೆ ಉಲ್ಬಣಿಸುವುದಿಲ್ಲ ಎಂದು ಇವತ್ತು ನಮಗೆ ಗೊತ್ತಿದೆ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ 60 ನಿಮಿಷ ಮೈ ಬೆವರುವ ಓಡಾಟ ಬೇಕು. ಈ ಮಕ್ಕಳ ಗುರಿಯೂ ಅದೇ, ಮುಟ್ಟುವುದು ನಿಧಾನ ಆಗಬಹುದು. ಸೈಕಲ್, ಈಜು, ಮಲ್ಪೆ ಕಡಲತೀರದಲ್ಲಿ ಸಂಜೆ ನಡಿಗೆ. ಬಾವು ಇರುವ ವಾರ ಆ ಕೀಲಿಗೆ ಮಾತ್ರ ವಿಶ್ರಾಂತಿ. ಸಂಧಿವಾತ ಇರುವ ಒಬ್ಬ ಹುಡುಗ ಯಕ್ಷಗಾನ ಕಲಿಯುತ್ತಿದ್ದ. ಕಾಯಿಲೆ ಬಂದ ಮೇಲೆ ಮನೆಯವರು ಬಿಡಿಸಿದ್ದರು. ಮೊಣಕಾಲಿನ ಬಾವು ಇಳಿದ ಮೇಲೆ ಪುನಃ ಕಳಿಸಿ ಎಂದೆ, ಮಂಡಿ ಹಾಕುವುದು ಮಾತ್ರ ಬೇಡ. ಗುರುಗಳು ಅವನಿಗೆಂದೇ ಹೆಜ್ಜೆ ಹೊಂದಿಸಿಕೊಟ್ಟರು. ಒಂದು ವರ್ಷಕ್ಕೆ ಅವನ ತೊಡೆಗೆ ಮಾಂಸ ಬಂತು. ಅದು ನನ್ನ ಯಾವ ಮದ್ದಿನಿಂದಲೂ ಬಂದದ್ದಲ್ಲ.

ಮುಖ ಉಬ್ಬಿದ ಮಕ್ಕಳನ್ನು ಕ್ಲಾಸಿನಲ್ಲಿ ಏನೆಂದು ಕರೆಯುತ್ತಾರೆ ನಿಮಗೆ ಗೊತ್ತಿದೆ. ಡುಮ್ಮಿ, ಬನ್ಸ್ ಮುಖ, ಬೋಂಡ. ಹದಿಮೂರು ವರ್ಷದ ಹುಡುಗಿಯೊಬ್ಬಳು ಎರಡು ತಿಂಗಳು ಮಾತ್ರೆ ನುಂಗಿದ ಹಾಗೆ ಮಾಡಿ ಕಿಟಕಿಯಿಂದ ಎಸೆದಿದ್ದಳು. ಆಸ್ಪತ್ರೆಗೆ ಬರುವಾಗ ಕಾಲು ಊದಿತ್ತು, ಮೂತ್ರದಲ್ಲಿ ಪ್ರೊಟೀನು ಸೋರುತ್ತಿತ್ತು. ಯಾಕಮ್ಮಾ ಎಂದು ಕೇಳಿದರೆ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಗ್ರೂಪ್ ಫೋಟೋ ಇತ್ತು ಮೇಡಂ" ಎಂದಳು. ಡೋಸ್ ಇಳಿದ ಹಾಗೆ ಮುಖ ಮೊದಲಿನಂತಾಗುತ್ತದೆ, ಅದು ಉಳಿಯುವ ಬಾವಲ್ಲ. ಈ ಮಾತನ್ನು ನಾನು ಅವಳಿಗೆ ಮೊದಲ ದಿನವೇ ಹೇಳಬೇಕಿತ್ತು. ನೀವು ತರಗತಿಯಲ್ಲಿ ಒಂದು ಅಡ್ಡಹೆಸರನ್ನು ಕೇಳಿದ ದಿನವೇ ತಡೆಯಿರಿ. ನನ್ನ ಮಾತ್ರೆ ಮಗುವಿನ ಹೊಟ್ಟೆಗೆ ಹೋಗುತ್ತದೋ ಕಿಟಕಿಯಾಚೆ ಹೋಗುತ್ತದೋ ಎನ್ನುವುದು ಬಹಳ ಮಟ್ಟಿಗೆ ನಿಮ್ಮ ಕೈಯಲ್ಲಿದೆ.

ಕೊನೆಗೆ ಪ್ರಶ್ನೆಗಳಿಗೆ ಸಮಯ ಕೊಟ್ಟೆವು. ಔಷಧದ ಖರ್ಚಿನ ಬಗ್ಗೆ ಕೇಳಿದವರಿಗೆ, ಅಡಾಲಿಮುಮ್ಯಾಬ್ ಭಾರತದಲ್ಲೇ ತಯಾರಾಗತೊಡಗಿದ ಮೇಲೆ ಬೆಲೆ ಇಳಿದಿದೆ, ಆದರೂ ಎಲ್ಲರಿಗೂ ಎಟಕುವಷ್ಟು ಇಳಿದಿಲ್ಲ ಎಂದು ಇದ್ದದ್ದನ್ನೇ ಹೇಳಿದೆ.

ಹಿಂದಿನ ಸಾಲಿನಿಂದ ಒಬ್ಬರು ಅಜ್ಜಿ ಎದ್ದು ನಿಂತರು. ಪಕ್ಕದಲ್ಲಿ ಏಳೆಂಟು ವರ್ಷದ ಮೊಮ್ಮಗ.

"ಅಲ್ಲ ಡಾಕ್ಟ್ರೇ, ಬಂಗುಡೆ ಕೊಡಿ ಅಂತೀರಿ. ನಾಳೆ ಇವನಿಗೆ ಗಂಟು ಬಾತರೆ ನನ್ನ ಸೊಸೆ ನನ್ನನ್ನೇ ಕೇಳ್ತಾಳೆ. ಆಗ ನಾನು ಏನು ಹೇಳಲಿ?"

"ಡಾಕ್ಟ್ರು ಹೇಳಿದ್ದು ಅಂತ ಹೇಳಿ ಅಮ್ಮ. ವಾರಕ್ಕೆ ಎರಡು ದಿನ ಕೊಡಿ, ಕೊಟ್ಟ ದಿನ ಬರೆದಿಡಿ. ಗಂಟು ಬಾತ ದಿನವೂ ಬರೆದಿಡಿ. ಎರಡು ತಿಂಗಳು ಬಿಟ್ಟು ಆ ಪುಸ್ತಕ ತನ್ನಿ, ನಾವಿಬ್ಬರೂ ಕೂತು ನೋಡುವ."

ಅವರು ಸ್ವಲ್ಪ ಹೊತ್ತು ಯೋಚಿಸಿದರು. "ನನಗೆ ಬರೆಯಲು ಬರುವುದಿಲ್ಲ" ಎಂದರು.

ಮೊಮ್ಮಗ ಅವರ ಸೆರಗು ಎಳೆದು, "ನಾನು ಬರೀತೇನೆ ಅಜ್ಜಿ" ಎಂದ.